ಸ್ವಂತ ವಾಸದ ಮನೆ: ತೆರಿಗೆಯಲ್ಲಿ ಎಷ್ಟು ಉಳಿಯುತ್ತೆ, ಸಾಲ ಕೊಟ್ಟವರಿಂದ ಎಷ್ಟು ರಕ್ಷಣೆ ಇದೆ? ರಾಮಮೂರ್ತಿ ನಗರದವರಿಗೆ ಪೂರ್ತಿ ಮಾಹಿತಿ

ರಾಮಮೂರ್ತಿ ನಗರ: ಕೆಳಗೆ ಅಂಗಡಿ, ಮೇಲೆ ಮನೆ, ಅದರ ಮೇಲೆ ಒಂದು ಬಾಡಿಗೆ ಪೋರ್ಷನ್. ರಾಮಮೂರ್ತಿ ನಗರ ಮುಖ್ಯರಸ್ತೆ, ಟಿ.ಸಿ. ಪಾಳ್ಯ, ಕಲ್ಕೆರೆ, ವಿಜಿನಾಪುರ, ಹೊರಮಾವು ಕಡೆ ಎಲ್ಲಿ ನೋಡಿದರೂ ಇಂಥ ಕಟ್ಟಡಗಳೇ ಜಾಸ್ತಿ. ಅಂಗಡಿಯ ದುಡಿಮೆಯಿಂದ ಮನೆ ಎದ್ದಿರುತ್ತೆ, ಮನೆಯ ಪತ್ರದ ಮೇಲೆ ಅಂಗಡಿಯ ಸಾಲ ನಿಂತಿರುತ್ತೆ. ಆದ್ದರಿಂದ ಇಲ್ಲಿನ ಮನೆ ಮಾಲೀಕರಿಗೂ ಅಂಗಡಿಯವರಿಗೂ ಎರಡು ಪ್ರಶ್ನೆ ಮುಖ್ಯ. ನಾವೇ ವಾಸ ಇರೋ ಮನೆಗೆ ತೆರಿಗೆಯಲ್ಲಿ ಏನಾದರೂ ಕಡಿಮೆ ಆಗುತ್ತಾ? ವ್ಯಾಪಾರ ಕೈಕೊಟ್ಟು ಸಾಲ ಕಟ್ಟೋಕಾಗದಿದ್ದರೆ ಇರೋ ಒಂದು ಮನೆ ಉಳಿಯುತ್ತಾ?

ಅಮೆರಿಕದಲ್ಲಿ ಮಕ್ಕಳು, ಸಂಬಂಧಿಕರು ಇರುವ ಮನೆಗಳಲ್ಲಿ 'ಹೋಮ್‌ಸ್ಟೆಡ್ ಎಕ್ಸೆಂಪ್ಷನ್' ಅನ್ನೋ ಮಾತು ಕೇಳಿರುತ್ತೀರಿ. ಅಲ್ಲಿನ ಹಲವು ರಾಜ್ಯಗಳಲ್ಲಿ ಮಾಲೀಕರು ತಾವೇ ವಾಸಿಸುವ ಮನೆಗೆ ಅರ್ಜಿ ಹಾಕಿಕೊಂಡರೆ ಆಸ್ತಿ ತೆರಿಗೆ ಇಳಿಯುತ್ತೆ. ಸಾಮಾನ್ಯ ಸಾಲ ಕೊಟ್ಟವರು ಆ ಮನೆಯನ್ನು ಮಾರಿಸೋದಕ್ಕೂ ಮಿತಿ ಇರುತ್ತೆ. ಟೆಕ್ಸಾಸ್‌ನಲ್ಲಿ ಇಂಥ ಕಾನೂನು 1839ರಲ್ಲೇ ಬಂತು. ನಮ್ಮಲ್ಲಿ ಈ ಎರಡನ್ನೂ ಒಟ್ಟಿಗೆ ಕೊಡುವ ಒಂದೇ ಕಾನೂನು ಇಲ್ಲ. ತೆರಿಗೆಯ ಅನುಕೂಲ ಪಾಲಿಕೆಯ ನಿಯಮದಲ್ಲಿದೆ. ಸಾಲದಿಂದ ರಕ್ಷಣೆ ಸಿವಿಲ್ ಪ್ರಕ್ರಿಯಾ ಸಂಹಿತೆ ಮತ್ತು ಬೇರೆ ಕಾಯ್ದೆಗಳಲ್ಲಿ ಚೂರುಚೂರಾಗಿ ಹಂಚಿಹೋಗಿದೆ.

ಚಿಕ್ಕದಾಗಿ ಹೇಳೋದಾದರೆ: ತೆರಿಗೆಯ ಅನುಕೂಲ ಎಲ್ಲ ಸ್ವಂತ ವಾಸದವರಿಗೂ ಸಿಗುತ್ತೆ, ಆದರೆ ಅದನ್ನು ಫಾರಂನಲ್ಲಿ ಸರಿಯಾಗಿ ಹೇಳಬೇಕು. ಸಾಲದಿಂದ ರಕ್ಷಣೆ ರೈತ, ಕೂಲಿ ಕಾರ್ಮಿಕ, ಮನೆಗೆಲಸದವರಿಗೆ ಮಾತ್ರ ಇದೆ. ಅಂಗಡಿಯವರ ಮನೆಗೆ ಆ ರಕ್ಷಣೆ ಇಲ್ಲ. ಅವರ ಮನೆ ಉಳಿಯೋದು ಮನೆ ಪತ್ರವನ್ನು ಎಲ್ಲಿ ಇಟ್ಟಿದ್ದಾರೆ, ಯಾವ ಕಾಗದಕ್ಕೆ ಸಹಿ ಹಾಕಿದ್ದಾರೆ ಅನ್ನೋದರ ಮೇಲೆ.

ಯಾವ ಪಾಲಿಕೆ, ಯಾವ ಪದ್ಧತಿ

ನಮ್ಮ ಭಾಗ ಮೊದಲು ಕೆ.ಆರ್. ಪುರಂ ನಗರಸಭೆಯಲ್ಲಿತ್ತು. 2007ರಲ್ಲಿ ಬಿಬಿಎಂಪಿಗೆ ಸೇರಿತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾದವು. ಕೆ.ಆರ್. ಪುರಂ, ಮಹದೇವಪುರ ಭಾಗ ಈಗ ಬೆಂಗಳೂರು ಪೂರ್ವ ನಗರ ಪಾಲಿಕೆಗೆ ಸೇರಿದೆ. ಬೋರ್ಡ್ ಬದಲಾಯ್ತು ಅಂತ ಹಳೆಯ ಬಾಕಿ ಮನ್ನಾ ಆಗೋದಿಲ್ಲ. ಹಳೆಯ ರಸೀದಿಗಳನ್ನೂ ಎಸೆಯಬೇಡಿ.

ಬೆಂಗಳೂರಲ್ಲಿ 2008ರಿಂದ ಇರೋದು ಸ್ವಯಂ ಘೋಷಣೆ ಪದ್ಧತಿ. ಅಂದರೆ ನಿಮ್ಮ ಕಟ್ಟಡದ ಅಳತೆ, ವಲಯ, ಬಳಕೆ, ವಯಸ್ಸು ಎಲ್ಲವನ್ನೂ ನೀವೇ ಹೇಳಿ ತೆರಿಗೆ ಲೆಕ್ಕ ಹಾಕಿ ಕಟ್ಟಬೇಕು. ನಗರವನ್ನು ಎ ಇಂದ ಎಫ್ ವರೆಗೆ ಆರು ವಲಯ ಮಾಡಿ, ಪ್ರತಿ ವಲಯಕ್ಕೂ ಚದರ ಅಡಿಗೆ ತಿಂಗಳಿಗೆ ಇಷ್ಟು ಅಂತ ದರ ಇಟ್ಟಿದ್ದಾರೆ. ಇದೇ ಯುನಿಟ್ ಏರಿಯಾ ವ್ಯಾಲ್ಯೂ. ನಿಮ್ಮ ರಸ್ತೆ ಯಾವ ವಲಯದಲ್ಲಿದೆ ಅನ್ನೋದನ್ನು ಪಕ್ಕದ ಮನೆಯವರನ್ನು ಕೇಳಿ ಬರೆಯಬೇಡಿ, ಪಟ್ಟಿ ನೋಡಿಯೇ ಬರೆಯಿರಿ. 2016ರ ದರ ಪರಿಷ್ಕರಣೆ ನಂತರ ವಲಯ ತಪ್ಪು ಬರೆದು ಕಡಿಮೆ ತೆರಿಗೆ ಕಟ್ಟಿದ ಸಾವಿರಾರು ಮಾಲೀಕರಿಗೆ ವರ್ಷಗಳಾದ ಮೇಲೆ ನೋಟಿಸ್ ಬಂದಿತ್ತು.

ಸ್ವಂತ ವಾಸಕ್ಕೆ ಅರ್ಧ ದರ

ಈ ಪದ್ಧತಿಯಲ್ಲಿ ಸ್ವಂತ ವಾಸದ ಮನೆಗೂ ಬಾಡಿಗೆ ಮನೆಗೂ ದರ ಬೇರೆ ಬೇರೆ. ಸ್ವಂತ ವಾಸದ ದರ ಬಾಡಿಗೆ ದರದ ಅರ್ಧ. ನಮ್ಮೂರಿನ 'ಹೋಮ್‌ಸ್ಟೆಡ್' ರಿಯಾಯಿತಿ ಅಂತ ಏನಾದರೂ ಇದ್ದರೆ ಅದು ಇದೇ. ಇದಕ್ಕೆ ಬೇರೆ ಅರ್ಜಿ ಬೇಕಿಲ್ಲ, ಫಾರಂನಲ್ಲಿ ಬಳಕೆ 'ಸ್ವಂತ' ಅಂತ ಇರಬೇಕು, ಅಷ್ಟೇ.

ಲೆಕ್ಕ ಹೀಗಿದೆ. ಅರ್ಥ ಆಗಲಿ ಅಂತ ಸ್ವಂತ ವಾಸಕ್ಕೆ ಚದರ ಅಡಿಗೆ 2 ರೂ., ಬಾಡಿಗೆಗೆ 4 ರೂ. ಅಂತ ಇಟ್ಟುಕೊಳ್ಳೋಣ. ನಿಮ್ಮ ದರ ನಿಮ್ಮ ವಲಯದ ಪಟ್ಟಿಯಲ್ಲಿ ಇರುವುದೇ ಆಗಿರುತ್ತೆ.

- ಮನೆ 1000 ಚದರ ಅಡಿ, ಸ್ವಂತ ವಾಸ: 1000 × 2 × 10 ತಿಂಗಳು = 20,000 ರೂ. ವರ್ಷಕ್ಕೆ 12 ತಿಂಗಳಾದರೂ ಲೆಕ್ಕ ಹಿಡಿಯೋದು 10 ತಿಂಗಳಿಗೆ.
- ಇದರಲ್ಲಿ ಕಟ್ಟಡದ ವಯಸ್ಸಿಗೆ ತಕ್ಕಂತೆ ಸವಕಳಿ ಕಳೆಯಬೇಕು. ಇಲ್ಲಿ ಸುಲಭಕ್ಕೆ ಕಳೆದಿಲ್ಲ.
- ಆಸ್ತಿ ತೆರಿಗೆ ಶೇ. 20, ಅಂದರೆ 4,000 ರೂ.
- ಅದರ ಮೇಲೆ ಸೆಸ್ ಶೇ. 24 (ಆರೋಗ್ಯ 15, ಗ್ರಂಥಾಲಯ 6, ಭಿಕ್ಷುಕರ ಪರಿಹಾರ 3), ಅಂದರೆ 960 ರೂ.
- ಒಟ್ಟು 4,960 ರೂ.

ಅದೇ ಮನೆಯನ್ನು ಬಾಡಿಗೆ ಅಂತ ಬರೆದರೆ 9,920 ರೂ. ವರ್ಷಕ್ಕೆ 4,960 ರೂ. ವ್ಯತ್ಯಾಸ, ಹತ್ತು ವರ್ಷಕ್ಕೆ ಅರ್ಧ ಲಕ್ಷದ ಹತ್ತಿರ. ಇದರ ಜೊತೆಗೆ 2025ರ ಏಪ್ರಿಲ್‌ನಿಂದ ಕಸ ವಿಲೇವಾರಿ ಶುಲ್ಕವನ್ನೂ ಕಟ್ಟಡದ ಅಳತೆ ನೋಡಿ ಆಸ್ತಿ ತೆರಿಗೆ ಜೊತೆಯಲ್ಲೇ ವಸೂಲಿ ಮಾಡುತ್ತಿದ್ದಾರೆ. ಸ್ವಂತ ವಾಸದ ಅರ್ಧ ದರದ ಲೆಕ್ಕ ಅದಕ್ಕೆ ಸೇರೋದಿಲ್ಲ.

ಕೆಳಗೆ ಅಂಗಡಿ, ಮೇಲೆ ಮನೆ ಇದ್ದರೆ

ಒಂದೇ ಕಟ್ಟಡ ಆದರೂ ಒಂದೇ ದರ ಅಲ್ಲ. ಅಂಗಡಿಯ ಅಳತೆಗೆ ವಾಣಿಜ್ಯ ದರ, ನೀವಿರೋ ಮಹಡಿಗೆ ಸ್ವಂತ ವಾಸದ ದರ, ಬಾಡಿಗೆ ಪೋರ್ಷನ್‌ಗೆ ಬಾಡಿಗೆ ದರ. ಮೂರನ್ನೂ ಬೇರೆ ಬೇರೆ ಬರೆಯಬೇಕು. ವಾಣಿಜ್ಯ ದರದಲ್ಲೂ ಮಾಲೀಕರೇ ಅಂಗಡಿ ನಡೆಸಿದರೆ ಒಂದು, ಬಾಡಿಗೆಗೆ ಕೊಟ್ಟರೆ ಇನ್ನೊಂದು ಅಂತ ಭೇದ ಇದೆ. ಸ್ವಂತ ಕಟ್ಟಡದಲ್ಲಿ ಕಿರಾಣಿ, ಬೇಕರಿ, ಟೈಲರ್ ಅಂಗಡಿ ನಡೆಸೋರು ಇದನ್ನು ಒಮ್ಮೆ ನೋಡಿಕೊಳ್ಳಬೇಕು.

ಭೋಗ್ಯಕ್ಕೆ ಕೊಟ್ಟ ಮನೆ ಸ್ವಂತ ವಾಸ ಅಲ್ಲ. 'ಬಾಡಿಗೆ ಬರ್ತಿಲ್ಲ, ಲೀಸ್ ದುಡ್ಡು ಅಷ್ಟೇ' ಅನ್ನೋ ವಾದ ಇಲ್ಲಿ ನಡೆಯಲ್ಲ. ಮನೆಯಲ್ಲಿ ಇರೋರು ಬೇರೆಯವರಾದರೆ ಬಾಡಿಗೆ ದರವೇ.

ಸುಳ್ಳು ಬರೆದರೆ ಯಾರು ನೋಡ್ತಾರೆ ಅನ್ನೋ ಕಾಲ ಹೋಯ್ತು. ವಾಣಿಜ್ಯ ವಿದ್ಯುತ್ ಮೀಟರ್ ಇರೋ ಕಟ್ಟಡಗಳನ್ನು ಬೆಸ್ಕಾಂ ಮಾಹಿತಿ ಜೊತೆ ತಾಳೆ ನೋಡಿ ಪಾಲಿಕೆ ನೋಟಿಸ್ ಕೊಟ್ಟಿದೆ. ಸಿಕ್ಕಿಬಿದ್ದರೆ ವ್ಯತ್ಯಾಸದ ತೆರಿಗೆ, ಅದರ ಮೇಲೆ ದಂಡ, ಅದರ ಮೇಲೆ ಬಡ್ಡಿ, ಅದೂ ಹಿಂದಿನ ವರ್ಷಗಳಿಗೂ ಸೇರಿಸಿ.

ಫಾರಂ 4 ಮತ್ತು ಫಾರಂ 5: ದುಡ್ಡು ಕಳೆಯೋದು ಇಲ್ಲೇ

ಕಳೆದ ವರ್ಷದಿಂದ ಏನೂ ಬದಲಾಗಿಲ್ಲ ಅಂದರೆ ಫಾರಂ 4. ಅಳತೆ, ಬಳಕೆ, ವಾಸ ಏನೇ ಬದಲಾದರೂ ಫಾರಂ 5. ಆನ್‌ಲೈನ್‌ನಲ್ಲಿ ಹಳೆಯ ಅರ್ಜಿ ಸಂಖ್ಯೆ ಹಾಕಿದ ತಕ್ಷಣ ಹಿಂದಿನ ವಿವರವೇ ಬರುತ್ತೆ. ಹೆಚ್ಚಿನವರು ನೋಡದೇ ದುಡ್ಡು ಕಟ್ಟಿ ಮುಗಿಸ್ತಾರೆ.

ಬಾಡಿಗೆದಾರರು ಖಾಲಿ ಮಾಡಿ ಹೋಗಿ ಮಗ ಸೊಸೆ ಮೇಲಿನ ಮನೆಗೆ ಬಂದಿರಬಹುದು. ಅಂಗಡಿ ಮುಚ್ಚಿ ಆ ಜಾಗವನ್ನು ಮನೆಗೆ ಸೇರಿಸಿಕೊಂಡಿರಬಹುದು. ಫಾರಂ 5 ಹಾಕದಿದ್ದರೆ ಹಳೆಯ ದರವೇ ವರ್ಷಾನುಗಟ್ಟಲೆ ಮುಂದುವರಿಯುತ್ತೆ, ಹೆಚ್ಚಿಗೆ ಕಟ್ಟಿದ್ದು ನಿಮ್ಮ ಜೇಬಿಂದ. ಇದರ ಉಲ್ಟಾ ಆಗಿದ್ದರೂ ಅಷ್ಟೇ: ಹೊಸದಾಗಿ ಮಹಡಿ ಕಟ್ಟಿ ಬಾಡಿಗೆಗೆ ಕೊಟ್ಟಿದ್ದರೆ ನೀವಾಗಿಯೇ ಫಾರಂ 5 ಹಾಕೋದು ದಂಡಕ್ಕಿಂತ ಅಗ್ಗ.

ಇನ್ನೆರಡು ರಿಯಾಯಿತಿ

1. ವರ್ಷದ ಪೂರ್ತಿ ತೆರಿಗೆಯನ್ನು ಏಪ್ರಿಲ್ 30ರೊಳಗೆ ಒಂದೇ ಸಲ ಕಟ್ಟಿದರೆ ಶೇ. 5 ರಿಯಾಯಿತಿ. ಕೆಲವು ವರ್ಷ ಸರ್ಕಾರ ಈ ಗಡುವು ಮುಂದೂಡಿದೆ. 2024ರಲ್ಲಿ ಜುಲೈ 31ರ ತನಕ ಕೊಟ್ಟಿದ್ದರು. ಪ್ರತಿ ವರ್ಷ ಹಾಗೇ ಆಗುತ್ತೆ ಅಂತ ಕಾಯೋದು ಬೇಡ. ಎರಡು ಕಂತಿನಲ್ಲಿ ಕಟ್ಟಬಹುದು, ಆದರೆ ಕಂತಿಗೆ ಈ ರಿಯಾಯಿತಿ ಇಲ್ಲ.

2. ಮಾಜಿ ಸೈನಿಕರು, ಮೃತ ಮಾಜಿ ಸೈನಿಕರ ಕುಟುಂಬದವರು ತಾವೇ ವಾಸವಿರುವ ಮನೆಗೆ ಶೇ. 50 ರಿಯಾಯಿತಿ ಕೇಳಬಹುದು. ಕಂಟೋನ್ಮೆಂಟ್ ಹತ್ತಿರ ಇರೋದರಿಂದ ನಮ್ಮ ಪೂರ್ವ ಭಾಗದಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ. ಸೈನಿಕ ಕಲ್ಯಾಣ ಇಲಾಖೆಯ ಗುರುತಿನ ಚೀಟಿ ಇಟ್ಟುಕೊಂಡು ಕೇಳಿ.

ಬಿ ಖಾತಾ ಮನೆಯವರೂ ತೆರಿಗೆ ಕಟ್ಟಲೇಬೇಕು, ಸ್ವಂತ ವಾಸದ ದರ ಅವರಿಗೂ ಇದೆ. ಆದರೆ ಒಂದು ಮಾತು ನೆನಪಿರಲಿ. ತೆರಿಗೆ ರಸೀದಿ ಮಾಲೀಕತ್ವದ ಪತ್ರ ಅಲ್ಲ. ಕ್ರಯಪತ್ರ, ಇ-ಖಾತಾ, ಋಣಭಾರ ಪತ್ರ ಅಂದರೆ ಇಸಿ, ಇವು ಬೇರೆ ಬೇರೆಯಾಗಿ ಸರಿ ಇರಬೇಕು.

ತೆರಿಗೆ ಬಾಕಿಗೆ ಯಾವ ರಕ್ಷಣೆಯೂ ಇಲ್ಲ

ಆಸ್ತಿ ತೆರಿಗೆ ಬಾಕಿ ಆ ಆಸ್ತಿಯ ಮೇಲೇ ಕೂರೋ ಹೊರೆ. ಮನೆ ಮಾರಿದರೆ ಬಾಕಿಯೂ ಹಿಂದೆಯೇ ಹೋಗುತ್ತೆ. 2024ರಲ್ಲಿ ಬಿಬಿಎಂಪಿ ಒಂದು ಬಾರಿ ಇತ್ಯರ್ಥ ಯೋಜನೆ ತಂದು ಹಳೆ ಬಾಕಿದಾರರಿಗೆ ಬಡ್ಡಿ, ದಂಡದಲ್ಲಿ ವಿನಾಯಿತಿ ಕೊಟ್ಟಿತ್ತು. ಅದು ಆ ವರ್ಷದ ನವೆಂಬರ್ 30ಕ್ಕೆ ಮುಗಿಯಿತು. ಆಮೇಲೆ ಪಾಲಿಕೆ ಬಾಕಿದಾರರ ಆಸ್ತಿ ಜಪ್ತಿ, ಹರಾಜಿನ ದಾರಿ ಹಿಡಿಯಿತು. ಬ್ಯಾಂಕಿಗೆ ಹೆದರುವಷ್ಟೇ ಪಾಲಿಕೆ ಬಾಕಿಗೂ ಹೆದರಬೇಕು.

ಸಾಲದ ಕಡೆ: ಕಾನೂನು ಯಾರ ಮನೆ ಉಳಿಸುತ್ತೆ

ಸಾಲ ಕೊಟ್ಟವರು ಕೋರ್ಟಿಗೆ ಹೋಗಿ ಡಿಕ್ರಿ ಪಡೆದರೆ ನಿಮ್ಮ ಆಸ್ತಿ ಜಪ್ತಿ ಮಾಡಿ ಮಾರಿಸಬಹುದು. ಆದರೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಕೆಲವನ್ನು ಮುಟ್ಟಬಾರದು ಅನ್ನುತ್ತೆ. ಅದರ ಮುಖ್ಯವಾದವು:

- ರೈತ, ಕೂಲಿ ಕಾರ್ಮಿಕ, ಮನೆಗೆಲಸದವರಿಗೆ ಸೇರಿದ, ಅವರೇ ವಾಸವಿರುವ ಮನೆ ಮತ್ತು ಅದಕ್ಕೆ ಹೊಂದಿಕೊಂಡ ಜಾಗ
- ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಧರ್ಮದ ಪದ್ಧತಿ ಪ್ರಕಾರ ಹೆಂಗಸರು ತೆಗೆಯಬಾರದ ಒಡವೆ
- ಕುಶಲಕರ್ಮಿಯ ಕಸುಬಿನ ಸಲಕರಣೆ. ಟೈಲರ್‌ನ ಹೊಲಿಗೆ ಯಂತ್ರ, ಬಡಗಿಯ ಉಳಿ ಸುತ್ತಿಗೆಯಂಥವು
- ಲೆಕ್ಕದ ಪುಸ್ತಕಗಳು
- ಕೂಲಿ ಹಣ. ಸಂಬಳದವರಿಗೆ ಜೀವನಾಂಶದ ಡಿಕ್ರಿ ಬಿಟ್ಟು ಉಳಿದವುಗಳಲ್ಲಿ ಮೊದಲ 1,000 ರೂ. ಮತ್ತು ಮಿಕ್ಕಿದ್ದರಲ್ಲಿ ಮೂರನೇ ಎರಡು ಭಾಗ
- ಭವಿಷ್ಯ ನಿಧಿ, ಜೀವ ವಿಮೆಯ ಹಣ

ಇಲ್ಲಿ ರೈತ ಅಂದರೆ ಸ್ವತಃ ಬೇಸಾಯ ಮಾಡಿ ಮುಖ್ಯವಾಗಿ ಅದರಿಂದಲೇ ಬದುಕುವವರು. ಪಹಣಿಯಲ್ಲಿ ಹೆಸರಿದ್ದು ನಗರದಲ್ಲಿ ವ್ಯಾಪಾರ ಮಾಡುವವರು ರೈತರಾಗೋದಿಲ್ಲ. ಕೂಲಿಯಲ್ಲಿ ಕುಶಲ, ಅರೆಕುಶಲ, ಕುಶಲ ಅಲ್ಲದ ಕೆಲಸ ಎಲ್ಲವೂ ಸೇರುತ್ತೆ ಅಂತ ಕಾಯ್ದೆಯ ವಿವರಣೆಯಲ್ಲೇ ಇದೆ. ಗಾರೆ ಕೆಲಸದವರು, ಗಾರ್ಮೆಂಟ್ ಕಾರ್ಮಿಕರು ತಮ್ಮ ಮನೆ ಜಪ್ತಿಗೆ ಬಂದರೆ ಈ ಕಲಂ ಅಡಿ ವಿನಾಯಿತಿ ಕೇಳಬೇಕು. ಕೇಳಿ, ಪುರಾವೆ ಕೊಡೋದು ನಿಮ್ಮ ಕೆಲಸ. ಕೋರ್ಟ್ ನೋಟಿಸ್ ಬಂದಾಗ ಸುಮ್ಮನೆ ಕೂತರೆ ಹಕ್ಕು ಕೈತಪ್ಪುತ್ತೆ.

ಇನ್ನೊಂದು ಮುಖ್ಯ ವಿಷಯ: ಸಾಲದ ಪತ್ರದಲ್ಲಿ 'ಈ ರಕ್ಷಣೆ ನನಗೆ ಬೇಡ' ಅಂತ ಬರೆಸಿಕೊಂಡಿದ್ದರೂ ಅದು ನಡೆಯಲ್ಲ. 1976ರ ತಿದ್ದುಪಡಿಯಲ್ಲಿ ಅಂಥ ಒಪ್ಪಂದವೇ ಅಸಿಂಧು ಅಂತ ಮಾಡಿದ್ದಾರೆ.

ಕಿರಾಣಿ ಅಂಗಡಿ, ಹಾರ್ಡ್‌ವೇರ್, ಮೊಬೈಲ್ ಅಂಗಡಿ ಮಾಲೀಕರ ಮನೆಗೆ? ಪಂಜಾಬ್, ಹರಿಯಾಣದಲ್ಲಿ ರೈತರಲ್ಲದವರ ಒಂದು ಮುಖ್ಯ ವಾಸದ ಮನೆಗೂ ರಕ್ಷಣೆ ಕೊಡುವ ತಿದ್ದುಪಡಿ ಇದೆ. ಕರ್ನಾಟಕದಲ್ಲಿ ಅದು ಇಲ್ಲ. ಅಂದರೆ ವ್ಯಾಪಾರಿಯ ವಿರುದ್ಧ ಕೈಸಾಲದ ಡಿಕ್ರಿ ಆದರೂ ಅವರಿರುವ ಮನೆ ಜಪ್ತಿಗೆ ಬರಬಹುದು.

ಹರಾಜಾದ ಮೇಲೂ ಒಂದು ಅವಕಾಶ ಇದೆ. ಕೋರ್ಟ್ ಹರಾಜಾಗಿ 60 ದಿನದೊಳಗೆ ಡಿಕ್ರಿ ಬಾಕಿಯನ್ನೂ, ಕೊಂಡವರಿಗೆ ಹರಾಜು ಮೊತ್ತದ ಶೇ. 5ನ್ನೂ ಠೇವಣಿ ಇಟ್ಟು ಹರಾಜು ರದ್ದು ಮಾಡಿಸಿ ಅಂತ ಕೇಳಬಹುದು.

ಪತ್ರ ಕೊಟ್ಟರೆ ಅಡಮಾನ

ಮೇಲೆ ಹೇಳಿದ ರಕ್ಷಣೆ ಅಡಮಾನ ಇಟ್ಟ ಮನೆಗೆ ಸಿಗೋದಿಲ್ಲ. ಕೂಲಿಯವರಾಗಲಿ ರೈತರಾಗಲಿ, ಆ ಸಾಲಕ್ಕೇ ಅಂತ ಮನೆ ಬರೆದುಕೊಟ್ಟಿದ್ದರೆ ಆ ಸಾಲಕ್ಕೆ ಮನೆ ಹೊಣೆ.

ನಮ್ಮಲ್ಲಿ ಹಲವರಿಗೆ ಗೊತ್ತಿಲ್ಲದ್ದು ಏನಂದರೆ, ಅಡಮಾನ ಆಗೋಕೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಲೇಬೇಕು ಅಂತಿಲ್ಲ. ಬೆಂಗಳೂರಿನಂಥ ನಗರದಲ್ಲಿ ಸಾಲಕ್ಕೆ ಭದ್ರತೆ ಅನ್ನೋ ಉದ್ದೇಶದಿಂದ ಮೂಲ ಕ್ರಯಪತ್ರವನ್ನು ಸಾಲ ಕೊಟ್ಟವರ ಕೈಗೆ ಕೊಟ್ಟರೆ ಅದೇ ಅಡಮಾನ. ಇದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯಲ್ಲೇ ಇದೆ. 'ಸುಮ್ನೆ ಇಟ್ಕೊಂಡಿರ್ತೀನಿ ಕೊಡಿ' ಅಂದರೆ ಕೊಡೋ ಮುಂಚೆ ಇದು ತಲೆಯಲ್ಲಿರಲಿ.

ಬ್ಯಾಂಕ್ ನೋಟಿಸ್ ಬಂದರೆ ದಿನ ಎಣಿಸಿ

ಅಡಮಾನದ ಮನೆ ಸಾಲದಲ್ಲಿ ಬ್ಯಾಂಕು ಕೋರ್ಟಿಗೆ ಹೋಗದೇ ಮನೆ ವಶಕ್ಕೆ ತಗೊಳ್ಳೋಕೆ 2002ರ ಸರ್ಫೇಸಿ ಕಾಯ್ದೆ ಅಧಿಕಾರ ಕೊಟ್ಟಿದೆ. ಸಹಕಾರಿ ಬ್ಯಾಂಕುಗಳಿಗೂ ಈ ಅಧಿಕಾರ ಇದೆ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕ್ರಮ ಹೀಗೆ:

- 90 ದಿನ ಕಂತು ಬಾಕಿ ಆದರೆ ಖಾತೆ ಎನ್‌ಪಿಎ ಆಗುತ್ತೆ.
- ಆಮೇಲೆ 60 ದಿನದ ಡಿಮ್ಯಾಂಡ್ ನೋಟಿಸ್. ಇದರೊಳಗೆ ಆಕ್ಷೇಪಣೆ ಬರೆದು ಕೊಟ್ಟರೆ ಬ್ಯಾಂಕು 15 ದಿನದಲ್ಲಿ ಉತ್ತರ ಕೊಡಬೇಕು.
- ಆಮೇಲೆ ಸ್ವಾಧೀನದ ನೋಟಿಸ್. ಅದರ ವಿರುದ್ಧ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅಂದರೆ ಡಿಆರ್‌ಟಿಗೆ ಅರ್ಜಿ ಹಾಕಬಹುದು. ಬೆಂಗಳೂರಲ್ಲೇ ಡಿಆರ್‌ಟಿ ಇದೆ.
- ಪೂರ್ತಿ ಬಾಕಿ ಕಟ್ಟಿ ಮನೆ ಬಿಡಿಸಿಕೊಳ್ಳುವ ಹಕ್ಕು ಹರಾಜು ಪ್ರಕಟಣೆ ಹೊರಬೀಳುವ ತನಕ ಮಾತ್ರ. 2023ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿದೆ. ಹರಾಜಿನ ದಿನ ದುಡ್ಡು ತರ್ತೀನಿ ಅಂದರೆ ತಡ ಆಯ್ತು.

ಈ ಕಾಯ್ದೆ 1 ಲಕ್ಷ ರೂ. ಮೀರದ ಸಾಲಕ್ಕೂ, ಕೃಷಿ ಜಮೀನಿನ ಅಡಮಾನಕ್ಕೂ ಅನ್ವಯಿಸಲ್ಲ. ಬಾಕಿ ಉಳಿದಿದ್ದು ಅಸಲು ಬಡ್ಡಿ ಮೊತ್ತದ ಶೇ. 20ಕ್ಕಿಂತ ಕಡಿಮೆ ಇದ್ದರೂ ಅನ್ವಯಿಸಲ್ಲ. ಎನ್‌ಬಿಎಫ್‌ಸಿಗಳಾದರೆ 100 ಕೋಟಿ ರೂ. ಆಸ್ತಿ ಇರುವವಕ್ಕೆ, ಅದೂ 20 ಲಕ್ಷ ರೂ. ಮತ್ತು ಮೇಲ್ಪಟ್ಟ ಸಾಲಕ್ಕೆ ಮಾತ್ರ.

ಸಾಲ ತೀರಿಸಿದ ಮೇಲೂ ಒಂದು ಕೆಲಸ ಇದೆ. 2023ರ ಡಿಸೆಂಬರ್ 1ರಿಂದ ಆರ್‌ಬಿಐ ನಿಯಮದ ಪ್ರಕಾರ, ಪೂರ್ತಿ ಸಾಲ ತೀರಿದ 30 ದಿನದಲ್ಲಿ ಮೂಲ ಪತ್ರ ವಾಪಸ್ ಕೊಡಬೇಕು. ಬ್ಯಾಂಕಿನ ಕಡೆಯಿಂದ ತಡ ಆದರೆ ದಿನಕ್ಕೆ 5,000 ರೂ. ಪರಿಹಾರ. ಪತ್ರ ಬಂತು ಅಂತ ಸುಮ್ಮನಾಗದೇ ಇಸಿಯಲ್ಲಿ ಬ್ಯಾಂಕಿನ ಹೊರೆ ತೆಗೆದಿದ್ದಾರಾ ನೋಡಿ.

ಖಾಸಗಿ ಫೈನಾನ್ಸ್, ಮೀಟರ್ ಬಡ್ಡಿ

ಕೈಸಾಲ ಕೊಟ್ಟವರು ಮನೆಗೆ ಬೀಗ ಹಾಕೋಕೆ, ಸಾಮಾನು ಹೊರಗೆ ಹಾಕೋಕೆ ಯಾವ ಕಾನೂನೂ ಅಧಿಕಾರ ಕೊಟ್ಟಿಲ್ಲ. ಪ್ರೋನೋಟ್ ಇರಲಿ, ಖಾಲಿ ಚೆಕ್ ಇರಲಿ, ಅವರು ಕೋರ್ಟಿಗೇ ಹೋಗಬೇಕು. ಲೇವಾದೇವಿ ಮಾಡೋಕೆ 1961ರ ಕರ್ನಾಟಕ ಲೇವಾದೇವಿದಾರರ ಕಾಯ್ದೆಯಡಿ ಪರವಾನಗಿ ಬೇಕು. ಮೀಟರ್ ಬಡ್ಡಿ ತಡೆಯೋಕೆ 2004ರಲ್ಲಿ ದುಬಾರಿ ಬಡ್ಡಿ ನಿಷೇಧ ಕಾಯ್ದೆ ಬಂದಿದೆ.

ಮೈಕ್ರೋಫೈನಾನ್ಸ್ ಕಿರುಕುಳ ಜೋರಾದಾಗ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದು, ಆಮೇಲೆ ಕಾಯ್ದೆ ಮಾಡಿತು. ಬಲವಂತದ ವಸೂಲಿಗೆ 10 ವರ್ಷದ ತನಕ ಜೈಲು, 5 ಲಕ್ಷ ರೂ. ತನಕ ದಂಡ. ಆರ್‌ಬಿಐ ನಿಯಮದಲ್ಲೂ ಮೈಕ್ರೋಫೈನಾನ್ಸ್ ಸಾಲ ಅಂದರೆ ವರ್ಷಕ್ಕೆ 3 ಲಕ್ಷ ರೂ. ತನಕ ಆದಾಯದ ಕುಟುಂಬಕ್ಕೆ ಅಡಮಾನ ಇಲ್ಲದೇ ಕೊಡೋ ಸಾಲ. ಸಂಘದ ಸಾಲಕ್ಕೆ ಮನೆ ಪತ್ರ ಕೇಳಿದರೆ ಅಲ್ಲೇ ಅನುಮಾನ ಪಡಿ.

ಎಲ್ಲಕ್ಕಿಂತ ಅಪಾಯ, ಸಾಲಕ್ಕೆ ಭದ್ರತೆ ಅಂತ ಸೇಲ್ ಅಗ್ರಿಮೆಂಟ್ ಅಥವಾ ಜಿಪಿಎ ಮಾಡಿಕೊಡೋದು. ಅಡಮಾನ ಆದರೆ ಬಿಡಿಸಿಕೊಳ್ಳೋ ಹಕ್ಕು ಕಾನೂನಿನಲ್ಲೇ ಇದೆ. ಅಗ್ರಿಮೆಂಟ್ ಆದರೆ 'ಮನೆ ಮಾರೋಕೆ ಒಪ್ಪಿ ಮುಂಗಡ ತಗೊಂಡಿದ್ದಾರೆ' ಅಂತ ಕೇಸು ಹಾಕ್ತಾರೆ. ಅದು ಸಾಲ ಅಂತ ಸಾಬೀತು ಮಾಡೋ ಪಾಡು ನಿಮ್ಮದು.

ಜಾಮೀನು, ಹೆಂಡತಿ ಹೆಸರು, ಅಪ್ಪನ ಸಾಲ

*ಜಾಮೀನು ಹಾಕಿದರೆ:* ಚೀಟಿಗೆ ಆಗಲಿ, ಸ್ನೇಹಿತರ ಸಾಲಕ್ಕೆ ಆಗಲಿ, ಜಾಮೀನುದಾರರ ಹೊಣೆ ಸಾಲ ತಗೊಂಡವರಷ್ಟೇ. ಮೊದಲು ಅವರನ್ನು ಕೇಳಿ, ಆಮೇಲೆ ನನ್ನ ಹತ್ತಿರ ಬನ್ನಿ ಅನ್ನೋಕಾಗಲ್ಲ. ಪ್ರೈವೇಟ್ ಲಿಮಿಟೆಡ್ ಕಂಪನಿ ಸಾಲಕ್ಕೆ ವೈಯಕ್ತಿಕ ಜಾಮೀನು ಕೊಟ್ಟವರು ದಿವಾಳಿ ಸಂಹಿತೆಯಡಿ ಹೋದರೂ, ನಗರದಲ್ಲಿ ಹೊರೆ ಇಲ್ಲದ ಒಂದು ವಾಸದ ಮನೆಗೆ ಸಿಗೋ ವಿನಾಯಿತಿಯ ಮಿತಿ 20 ಲಕ್ಷ ರೂ. ಮೌಲ್ಯದ ಮನೆ. ನಮ್ಮ ಏರಿಯಾದಲ್ಲಿ 30 × 40 ಸೈಟಿನ ಮನೆ ಈ ಮಿತಿಯೊಳಗೆ ಬರೋದು ಕಷ್ಟ.

*ಹೆಂಡತಿ ಹೆಸರಿಗೆ ಬರೆದರೆ:* ಸಾಲ ಇಲ್ಲದ ಕಾಲದಲ್ಲಿ ಪ್ರಾಮಾಣಿಕವಾಗಿ ದಾನಪತ್ರ ಮಾಡಿದರೆ ಸರಿ. ಸಾಲ ಕುತ್ತಿಗೆಗೆ ಬಂದ ಮೇಲೆ ತಪ್ಪಿಸಿಕೊಳ್ಳೋಕೆ ಮಾಡಿದರೆ ಸ್ವತ್ತು ವರ್ಗಾವಣೆ ಕಾಯ್ದೆಯ 53ನೇ ಕಲಂ ಅಡಿ ಸಾಲ ಕೊಟ್ಟವರು ಅದನ್ನು ರದ್ದು ಮಾಡಿಸಬಹುದು. ಮನೆ ಮೊದಲಿನಿಂದ ಹೆಂಡತಿಯದೇ ಆಗಿದ್ದು, ಅವರು ಎಲ್ಲೂ ಸಹಿ ಹಾಕಿಲ್ಲ ಅಂದರೆ ಗಂಡನ ಸಾಲಕ್ಕೆ ಆ ಮನೆ ಹೊಣೆ ಅಲ್ಲ. ಬ್ಯಾಂಕಿನವರು 'ಮೇಡಂ ಸಹಿನೂ ಬೇಕು' ಅನ್ನೋದು ಇದಕ್ಕೇ. ಸಹ-ಸಾಲಗಾರರಾಗಿಯೋ ಜಾಮೀನುದಾರರಾಗಿಯೋ ಅಂತ ಓದಿ ಸಹಿ ಹಾಕಲಿ.

*ಅಪ್ಪನ ಸಾಲ:* 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ನಂತರದ ಸಾಲಕ್ಕೆ, 'ಅಪ್ಪನ ಸಾಲ ತೀರಿಸೋದು ಮಗನ ಧರ್ಮ' ಅನ್ನೋ ಒಂದೇ ಕಾರಣಕ್ಕೆ ಮಗನ ಮೇಲೆ ಹೋಗೋಕಾಗಲ್ಲ. ಆದರೆ ಅಪ್ಪನಿಂದ ಬಂದ ಆಸ್ತಿ ಎಷ್ಟಿದೆಯೋ ಅಷ್ಟರ ಮಟ್ಟಿಗೆ ಹೊಣೆ ಇದ್ದೇ ಇರುತ್ತೆ.

ಮನೆ ಇಡದೇ ಅಂಗಡಿಗೆ ಸಾಲ

ಮನೆ ಉಳಿಸಿಕೊಳ್ಳೋಕೆ ದಾರಿ ಮನೆಯನ್ನು ಅಂಗಡಿ ಸಾಲಕ್ಕೆ ಇಡದೇ ಇರೋದು. ಮುದ್ರಾ ಯೋಜನೆಯಲ್ಲಿ ಅಡಮಾನ ಇಲ್ಲದೇ ಸಾಲ ಇದೆ: ಶಿಶು 50,000 ರೂ. ತನಕ, ಕಿಶೋರ 5 ಲಕ್ಷ ರೂ. ತನಕ, ತರುಣ್ 10 ಲಕ್ಷ ರೂ. ತನಕ. ತರುಣ್ ಸಾಲ ಸರಿಯಾಗಿ ತೀರಿಸಿದವರಿಗೆ 20 ಲಕ್ಷ ರೂ. ತನಕ. ಬೀದಿ ಬದಿ ವ್ಯಾಪಾರಿಗಳಿಗೆ ಪಿಎಂ ಸ್ವನಿಧಿ ಇದೆ. ಇವಕ್ಕೆ ಮನೆ ಪತ್ರ ಕೇಳಿದರೆ ಬರವಣಿಗೆಯಲ್ಲಿ ಕೇಳಿ ಅನ್ನಿ. ದೂರು ಇದ್ದರೆ ಮೊದಲು ಬ್ಯಾಂಕಿಗೆ ಬರೆದು ಕೊಡಿ, 30 ದಿನದಲ್ಲಿ ಉತ್ತರ ಬರದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಹೋಗಬಹುದು. ಸಹಾಯವಾಣಿ 14448.

ಈಗಲೇ ಮಾಡಬಹುದಾದ ಆರು ಕೆಲಸ

1. ಕಳೆದ ವರ್ಷದ ತೆರಿಗೆ ರಸೀದಿ ತೆಗೆದು ನೋಡಿ. ಪ್ರತಿ ಮಹಡಿಯ ಬಳಕೆ ಸ್ವಂತ, ಬಾಡಿಗೆ, ವಾಣಿಜ್ಯ ಅಂತ ಸರಿಯಾಗಿ ಬಿದ್ದಿದೆಯಾ?
2. ಬದಲಾವಣೆ ಇದ್ದರೆ ಫಾರಂ 5. ವಲಯ, ಅಳತೆ, ಕಟ್ಟಡದ ವಯಸ್ಸನ್ನೂ ಒಮ್ಮೆ ತಾಳೆ ನೋಡಿ.
3. ಏಪ್ರಿಲ್ 30 ಅನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ.
4. ಕಾವೇರಿ ತಂತ್ರಾಂಶದಲ್ಲಿ ನಿಮ್ಮ ಆಸ್ತಿಯ ಇಸಿ ತೆಗೆಸಿ. ತೀರಿಸಿದ ಸಾಲ ಇನ್ನೂ ಹೊರೆಯಾಗಿ ಕಾಣ್ತಿದೆಯಾ, ಗೊತ್ತಿಲ್ಲದ ಅಗ್ರಿಮೆಂಟ್ ನೋಂದಣಿ ಆಗಿದೆಯಾ ನೋಡಿ. ಭೋಗ್ಯಕ್ಕೆ ಮನೆ ಹಿಡಿಯೋರೂ ದುಡ್ಡು ಕೊಡೋ ಮುಂಚೆ ಮಾಲೀಕರ ಇಸಿ ನೋಡಬೇಕು.
5. ಮೂಲ ಕ್ರಯಪತ್ರ ಎಲ್ಲಿದೆ, ಮನೆಯವರು ಯಾವ್ಯಾವ ಸಾಲಕ್ಕೆ ಜಾಮೀನು ಹಾಕಿದ್ದಾರೆ ಅನ್ನೋದನ್ನು ಒಂದು ಪುಸ್ತಕದಲ್ಲಿ ಬರೆದಿಡಿ.
6. ಕೋರ್ಟ್, ಬ್ಯಾಂಕ್, ಪಾಲಿಕೆ ಯಾರ ನೋಟಿಸ್ ಬಂದರೂ ಕೈಗೆ ಸಿಕ್ಕಿದ ದಿನಾಂಕ ಲಕೋಟೆ ಮೇಲೆ ಬರೆದು, ಆ ವಾರವೇ ವಕೀಲರಿಗೆ ತೋರಿಸಿ.

ವಕೀಲರಿಗೆ ಕೊಡೋಕೆ ದುಡ್ಡಿಲ್ಲ ಅಂದರೆ ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವು ಇದೆ. ಹೆಂಗಸರು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಆದಾಯದ ಮಿತಿ ನೋಡದೇ ಕೊಡ್ತಾರೆ. ಸಹಾಯವಾಣಿ 15100. ರಾಜ್ಯ ಪ್ರಾಧಿಕಾರದ ಕಚೇರಿ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿದೆ. ನೋಟಿಸ್ ಮತ್ತು ಸಾಲದ ಕಾಗದಗಳ ಜೆರಾಕ್ಸ್ ತಗೊಂಡು ಹೋಗಿ.